ಮನೆ ನಂಬರಿಲ್ಲದ ಒಂದು ಕಾಗದ

ಕಾಗದ ಬರೆಯುವುದರಲ್ಲಿ ನನ್ನನ್ನು ಮೀರಿಸಿದವರು ನಮ್ಮ ಶಾಲೆಯಲ್ಲಿ ಯಾರೂ ಇರಲಿಲ್ಲ. ಇದು ಜಂಬವಲ್ಲ, ಅಥವಾ ಜಂಬವೇ ಇರಲಿ, ಈ ವಯಸ್ಸಿನಲ್ಲಿ ಅದನ್ನು ಬಚ್ಚಿಟ್ಟು ಆಗಬೇಕಾದ್ದೇನು. ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಮೂರು ದಶಕ ಕನ್ನಡ ಪಾಠ. ಫೀಸು ಮಾಫಿಯ ಮನವಿ, ವರ್ಗಾವಣೆಯ ಅರ್ಜಿ, ನಿವೃತ್ತರಾದವರಿಗೆ ಮಾನಪತ್ರ, ಮಕ್ಕಳ ನಡತೆ ಪ್ರಮಾಣಪತ್ರ, ಎಲ್ಲವೂ ಕೊನೆಗೆ ನನ್ನ ಮೇಜಿಗೇ ಬರುತ್ತಿದ್ದವು. ಹೆಡ್‌ಮಾಸ್ಟರರು ಕೂಡ "ಟೀಚರ್, ಇದಕ್ಕೊಂದು ನಾಲ್ಕು ಸಾಲು ಹಾಕಿ ಕೊಡಿ" ಎಂದು ಬಂದು ನಿಲ್ಲುತ್ತಿದ್ದರು. ಅಂಥ ನಾನು ನನ್ನ ಜೀವಮಾನದಲ್ಲಿ ಬರೆದ ಅತಿ ಕೆಟ್ಟ ಕಾಗದದ ಬಗ್ಗೆ ಇಲ್ಲಿ ಹೇಳಬೇಕಾಗಿದೆ. ಅದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ.

ಬಿಜೈಯಲ್ಲಿ ನಮ್ಮದು ಪಪ್ಪ ಕಟ್ಟಿಸಿದ ಹೆಂಚಿನ ಮನೆ. ಹಿಂದುಗಡೆ ಒಂದು ಔಟ್‌ಹೌಸ್. ಔಟ್‌ಹೌಸ್ ಎಂದರೆ ದೊಡ್ಡ ಮಾತಾಯಿತು. ಮೊದಲು ಸೌದೆ, ತೆಂಗಿನಕಾಯಿ ಹಾಕುತ್ತಿದ್ದ ಕೋಣೆ ಅದು. ನೆಲಕ್ಕೆ ಸಿಮೆಂಟು ಬಳಿದು, ಮೂಲೆಯಲ್ಲಿ ಒಂದು ಅಡುಗೆ ಕಟ್ಟೆ ಕಟ್ಟಿಸಿ, ಹೊರಗೆ ಬಚ್ಚಲು ಮಾಡಿಸಿ ಬಾಡಿಗೆಗೆ ಕೊಡುತ್ತಿದ್ದೆವು. ನನ್ನ ಗಂಡ ತೀರಿಕೊಂಡ ವರ್ಷ ಅಲ್ಲಿಗೆ ಒಬ್ಬ ಹೆಂಗಸು ಐದು ವರ್ಷದ ಮಗಳ ಕೈ ಹಿಡಿದುಕೊಂಡು ಬಂದಳು. ತುಳು ಮಾತಾಡುವವಳು, ಬೆಳ್ತಂಗಡಿ ಕಡೆಯ ಹಳ್ಳಿಯವಳು. ಗಂಡ ಮುಂಬಯಿಗೆ ಹೋಟೆಲ್ ಕೆಲಸಕ್ಕೆ ಹೋದವನು ತಿರುಗಿ ಬಂದಿರಲಿಲ್ಲ. ಇವಳಿಗೆ ಕಾಲೇಜು ಹುಡುಗಿಯರ ಹಾಸ್ಟೆಲೊಂದರ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿತ್ತು, ಇರಲಿಕ್ಕೆ ಜಾಗ ಸಿಕ್ಕಿರಲಿಲ್ಲ.

"ಒಬ್ಬಳೇ ಹೆಂಗಸಿಗೆ ಮನೆ ಕೊಡುವುದಿಲ್ಲ ಅಂತಾರೆ ಟೀಚರ್. ನೀವೂ ಒಬ್ಬರೇ ಅಂತ ಯಾರೋ ಹೇಳಿದ್ರು. ಹಾಗೆ ಬಂದೆ" ಎಂದಳು.

ಆ ಮಾತು ನನಗೆ ಹಿಡಿಸಿತು. ಅದೇ ದಿನ ಬೀಗದ ಕೈ ಕೊಟ್ಟೆ. ಕೊಡುವಾಗ ಎರಡು ಷರತ್ತು ಹಾಕಿದೆ. ಗೋಡೆಗೆ ಮೊಳೆ ಹೊಡೆಯಬಾರದು. ಬರವಣಿಗೆ ಇಲ್ಲ, ಎಲ್ಲ ಬಾಯಿಮಾತಿನಲ್ಲೇ. ಎರಡಕ್ಕೂ ಅವಳು ತಲೆಯಾಡಿಸಿದಳು. ಹಗ್ಗ ಕಟ್ಟಲಿಕ್ಕೂ ಮೊಳೆ ಇಲ್ಲದೆ, ಮಗುವಿನ ಯೂನಿಫಾರ್ಮನ್ನು ಬಾಗಿಲ ಮೇಲೆ ನೇತು ಹಾಕಿ ಒಣಗಿಸುತ್ತಿದ್ದಳು. ನೋಡಿಯೂ ನಾನು ಏನೂ ಹೇಳುತ್ತಿರಲಿಲ್ಲ. ನನ್ನ ಗೋಡೆ ನನಗೆ ಅಷ್ಟು ಮುಖ್ಯವಾಗಿತ್ತು.

ಏಳು ವರ್ಷ ಹೀಗೆ ಕಳೆಯಿತು. ಒಳ್ಳೆಯ ವರ್ಷಗಳೇ. ಮಧ್ಯಾಹ್ನ ಅವಳು ಕೆಲಸ ಮುಗಿಸಿ ಬರುವಾಗ ನಾನು ಮೀನಿನವಳ ಹತ್ತಿರ ಚೌಕಾಸಿ ಮಾಡುತ್ತಾ ನಿಂತಿರುತ್ತಿದ್ದೆ. "ನಿಮಗೆ ಬಂಗುಡೆ ಆರಿಸ್ಲಿಕ್ಕೆ ಗೊತ್ತಿಲ್ಲ ಟೀಚರ್, ಕನ್ನಡ ಮಾತ್ರ ಗೊತ್ತಿರೋದು" ಎಂದು ನಗುತ್ತಾ ಬುಟ್ಟಿಗೆ ಕೈ ಹಾಕುತ್ತಿದ್ದಳು. ಮೀನು ಕೊಯ್ದು ಸರಿ ಮಾಡಿ ಕೊಡುವುದೂ ಅವಳೇ. ಹುಡುಗಿ ಶಾಲೆಯಿಂದ ಬಂದರೆ ನನ್ನ ಊಟದ ಮೇಜಿನಲ್ಲಿ ಕೂತು ಕಾಗುಣಿತ, ಆಮೇಲೆ ವ್ಯಾಕರಣ, ಆಮೇಲೆ ಪ್ರಬಂಧ. ಮಕ್ಕಳಿಲ್ಲದ ನನಗೆ ಅವಳೊಂದು ಸಂತೋಷ. ಪಿರಿಪಿರಿ ಮಾಡದ ಬಾಡಿಗೆಯವಳು ಸಿಕ್ಕಿದ್ದಾಳೆ ಎಂದು ಚರ್ಚಿನಲ್ಲಿ ಎಲ್ಲರಿಗೂ ಹೇಳುತ್ತಿದ್ದೆ. ಹಾಗೆ ಹೇಳುವಾಗ, ಕೊಟ್ಟವಳು ನಾನು ಎಂಬ ಧಿಮಾಕೂ ಅದರಲ್ಲಿ ಸ್ವಲ್ಪ ಇತ್ತು.

ಒಂದು ದಿನ ಅವಳು ಮೀನಿನ ಪಾತ್ರೆಯನ್ನು ಒಳಗಿಟ್ಟವಳು ಹೋಗಲಿಲ್ಲ. ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಅಡುಗೆಮನೆಯ ಬಾಗಿಲಲ್ಲೇ ನಿಂತಳು.

"ಎಂತ?" ಎಂದೆ.

"ಒಂದು ಕಾಗದ ಬೇಕಿತ್ತು ಟೀಚರ್."

ಮನೆಯಿಲ್ಲದವರಿಗೆಂದು ಊರ ಹೊರಗೆ ಸರಕಾರದವರು ಫ್ಲ್ಯಾಟು ಕಟ್ಟಿಸುತ್ತಿದ್ದರು. ಒಂದು ಹಾಲ್, ಒಂದು ರೂಮು, ಅಡುಗೆಮನೆ, ಒಳಗೇ ಬಚ್ಚಲು. ಅರ್ಜಿ ಹಾಕುವವರು ಪೇಟೆಯಲ್ಲಿ ಇಂತಿಷ್ಟು ವರ್ಷದಿಂದ ವಾಸ ಇದ್ದೇವೆ ಎಂದು ತೋರಿಸಬೇಕು. ಅವಳ ಹೆಸರಿದ್ದ ರೇಷನ್ ಕಾರ್ಡು ಇನ್ನೂ ಹಳ್ಳಿಯಲ್ಲಿ ಗಂಡನ ಅಣ್ಣನ ಮನೆಯಲ್ಲಿತ್ತು. ಆಧಾರಿನಲ್ಲಿಯೂ ಅಲ್ಲಿಯದೇ ವಿಳಾಸ. ಹಾಗಾಗಿ ಮನೆಯ ಓನರು ಬರೆದುಕೊಡಬೇಕು: ಇಂಥವಳು ಏಳು ವರ್ಷದಿಂದ ನಮ್ಮ ಇಂಥ ನಂಬರಿನ ಮನೆಯ ಹಿಂಭಾಗದಲ್ಲಿ ಬಾಡಿಗೆಗೆ ಇದ್ದಾಳೆ. ಅಷ್ಟೇ. ಅವಳು ಅದನ್ನು ಬಾಯಿಪಾಠ ಮಾಡಿಕೊಂಡು ಬಂದವಳಂತೆ ಒಂದೇ ಉಸಿರಿಗೆ ಹೇಳಿದಳು. ಹಿಂದಿನಿಂದ ಹುಡುಗಿ ಇಣುಕಿ, "ಟೀಚರ್, ಅಲ್ಲಿ ನಮ್ಮದೇ ಗೋಡೆ ಅಲ್ವಾ, ಮೊಳೆ ಹೊಡೀಬಹುದಾ?" ಎಂದು ಕೇಳಿದಳು. "ಹೊಡಿ ಮಾರಾಯ್ತಿ, ಎಷ್ಟು ಬೇಕಾದ್ರೂ ಹೊಡಿ" ಎಂದು ನಾನು ನಕ್ಕೆ. ಬರೆದುಕೊಡುತ್ತೇನೆ ಎಂದೂ ಹೇಳಿದೆ.

ಬರೆದುಕೊಡಲಿಲ್ಲ. ಆ ದಿನವೂ ಇಲ್ಲ, ಮರುದಿನವೂ ಇಲ್ಲ.

ಯಾಕೆ ಎಂದು ಹೇಳಬೇಕಾದರೆ ಪಪ್ಪನ ಕತೆ ಹೇಳಬೇಕು. ನಾನು ಸಣ್ಣವಳಿದ್ದಾಗ ವಾಮಂಜೂರಿನಲ್ಲಿ ನಮಗೆ ಗದ್ದೆ ಇತ್ತು. ಪಪ್ಪ ಗುಮಾಸ್ತರು, ಆ ಗದ್ದೆಯ ಕೆಸರಿಗೆ ಒಂದು ದಿನವೂ ಕಾಲಿಟ್ಟವರಲ್ಲ. ಒಬ್ಬ ಒಕ್ಕಲು ಬೇಸಾಯ ಮಾಡುತ್ತಿದ್ದ, ಗೇಣಿಯ ಅಕ್ಕಿ ತಂದು ಅಂಗಳದಲ್ಲಿ ಹಾಕುತ್ತಿದ್ದ. ಒಮ್ಮೆ ಅವನಿಗೆ ಸೊಸೈಟಿಯಿಂದ ಗೊಬ್ಬರ ಸಿಗಲಿ ಎಂದು ಪಪ್ಪ ಒಂದು ಚೀಟಿ ಬರೆದುಕೊಟ್ಟರು: ಇವನು ನನ್ನ ಗದ್ದೆ ಮಾಡುತ್ತಾನೆ ಎಂದು. ಉಳುವವನೇ ಹೊಲದೊಡೆಯ ಎಂಬ ಕಾನೂನು ಬಂದಾಗ ಆ ಒಕ್ಕಲು ಗದ್ದೆ ತನಗೆ ಬರಬೇಕೆಂದು ಡಿಕ್ಲರೇಷನ್ ಹಾಕಿದ. ಜೊತೆಗೆ ಪಪ್ಪನ ಚೀಟಿಯನ್ನೂ ಇಟ್ಟ. ಗದ್ದೆ ಅವನಿಗಾಯಿತು. ಆಗಬೇಕಾದ್ದೇ ಎಂದು ಈಗ ನನಗೆ ಅನಿಸುತ್ತದೆ, ದುಡಿದವನು ಅವನು. ಆದರೆ ನಮ್ಮ ಮನೆಯಲ್ಲಿ ಅದರ ನಂತರ ಊಟಕ್ಕೆ ಕೂತಾಗಲೆಲ್ಲ ಅದೇ ಮಾತು. ಚೀಟಿ ಕೊಟ್ಟೆ, ಕೆಟ್ಟೆ ಎಂದು ಪಪ್ಪ ಸಾಯುವವರೆಗೂ ಹೇಳಿದರು. ನಮ್ಮ ಜಾಗದಲ್ಲಿ ಇರುವವರಿಗೆ ಕಾಗದ ಎಂಬುದನ್ನು ಕೊಡಲೇಬಾರದು, ಇದು ನಮ್ಮ ಮನೆಯಲ್ಲಿ ಜಪಸರದ ಪ್ರಾರ್ಥನೆಯಷ್ಟೇ ಗಟ್ಟಿಯಾಗಿ ಕಲಿಸಿದ ಪಾಠ. ಬಾಯಿಮಾತಿನ ಬಾಡಿಗೆ ಎಂಬ ಷರತ್ತು ನಾನು ಕಂಡುಹಿಡಿದದ್ದಲ್ಲ.

ಗಲ್ಫಿನಲ್ಲಿದ್ದ ತಮ್ಮನಿಗೆ ಫೋನು ಮಾಡಿದೆ. ಮನೆ ನಮ್ಮಿಬ್ಬರ ಹೆಸರಿನಲ್ಲಿತ್ತು, ಕೇಳುವುದು ಧರ್ಮ ಎಂದುಕೊಂಡೆ. ನಿಜ ಹೇಳಬೇಕೆಂದರೆ, ಬೇಡ ಎನ್ನುವವನೊಬ್ಬ ನನಗೆ ಬೇಕಾಗಿತ್ತು.

"ನಿನಗೆ ಮಂಡೆ ಸರಿ ಉಂಟಾ?" ಎಂದ ಅವನು. "ಪಪ್ಪನ ಗದ್ದೆ ಹೋದದ್ದು ಮರೆತುಹೋಯ್ತಾ? ನಾಳೆ ಅವಳು ಅದೇ ಕಾಗದ ಹಿಡ್ಕೊಂಡು ಕೋರ್ಟಿಗೆ ಹೋದ್ರೆ ಎಬ್ಬಿಸ್ಲಿಕ್ಕೆ ಯಾರು ಬರ್ತಾರೆ?"

"ಪಾಪ ಮಾರಾಯ, ಅವಳು ಅಂಥವಳಲ್ಲ."

"ಪಪ್ಪನ ಒಕ್ಕಲು ಕೂಡ ಅಂಥವನಲ್ಲ ಅಂತಲೇ ಪಪ್ಪ ಹೇಳ್ತಾ ಇದ್ದದ್ದು."

ಫೋನು ಇಟ್ಟೆ. ಇಲ್ಲ ಎಂದು ಅವಳ ಮುಖ ನೋಡಿ ಹೇಳುವ ಧೈರ್ಯ ನನಗಿರಲಿಲ್ಲ. ಇಲ್ಲ ಎಂದಿದ್ದರೆ ಅವಳು ಬೇರೆ ದಾರಿ ನೋಡುತ್ತಿದ್ದಳೋ ಏನೋ. ಹಾಸ್ಟೆಲಿನ ವಾರ್ಡನ್ನರ ಕಾಲು ಹಿಡಿದಾದರೂ ಒಂದು ಕಾಗದ ಮಾಡಿಸುತ್ತಿದ್ದಳು. ಹುಡುಗಿಯ ಶಾಲೆಯಲ್ಲಿ ಕೇಳುತ್ತಿದ್ದಳು. ಆದರೆ ಟೀಚರ್ ಬರೆದುಕೊಡುತ್ತಾರೆ ಎಂದು ಅವಳು ನಿಶ್ಚಿಂತೆಯಿಂದ ಇದ್ದಳು. ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದಳು, ನಮ್ಮ ಟೀಚರ್ ಬರೆದರೆ ಆಫೀಸಿನವರು ಎದ್ದು ನಿಲ್ಲಬೇಕು ಎಂದು.

ಅರ್ಜಿ ಕೊಡುವ ಕೊನೆಯ ದಿನದ ಬೆಳಿಗ್ಗೆ ಅವಳು ಬಂದು ನಿಂತಾಗ ನಾನು ಮೇಜಿನ ಮುಂದೆ ಕೂತೆ. ಒಳ್ಳೆಯ ಕಾಗದ ತೆಗೆದೆ, ಶಾಯಿ ಪೆನ್ನು ತೆಗೆದೆ. ಬರೆದದ್ದು ಹೀಗೆ: ಈಕೆ ನನಗೆ ಕಳೆದ ಏಳು ವರ್ಷಗಳಿಂದ ಚೆನ್ನಾಗಿ ಪರಿಚಿತಳು. ಪ್ರಾಮಾಣಿಕಳೂ ಶ್ರಮಜೀವಿಯೂ ಸದ್ಗುಣಸಂಪನ್ನಳೂ ಆಗಿರುತ್ತಾಳೆ. ಈಕೆಯ ನಡತೆಯು ಅತ್ಯುತ್ತಮವಾಗಿರುತ್ತದೆ. ತನ್ನ ಮಗಳ ವಿದ್ಯಾಭ್ಯಾಸಕ್ಕಾಗಿ ಈಕೆ ಪಡುತ್ತಿರುವ ಪರಿಶ್ರಮವು ಶ್ಲಾಘನೀಯವಾದದ್ದು. ಈಕೆಯ ಮನವಿಯನ್ನು ಸಹಾನುಭೂತಿಯಿಂದ ಪರಿಶೀಲಿಸಬೇಕಾಗಿ ವಿನಂತಿ. ಕೆಳಗೆ ನನ್ನ ಸಹಿ, ನಿವೃತ್ತ ಶಿಕ್ಷಕಿ ಎಂದು ಹುದ್ದೆ. ಮನೆ ನಂಬರಿಲ್ಲ, ಬಾಡಿಗೆ ಎಂಬ ಶಬ್ದವಿಲ್ಲ, ವಾಸ ಎಂಬ ಶಬ್ದವೂ ಇಲ್ಲ.

ಅವಳಿಗೆ ಕನ್ನಡ ಓದಲು ಬರುತ್ತಿತ್ತು, ಬಸ್ಸಿನ ಬೋರ್ಡಿನಷ್ಟು. ಅಂಥ ಕನ್ನಡ ಬರುತ್ತಿರಲಿಲ್ಲ. ಕಾಗದವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಶಾಯಿ ಒಣಗಲಿ ಎಂದು ಸ್ವಲ್ಪ ಹೊತ್ತು ಗಾಳಿಗೆ ಹಿಡಿದು, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡಳು. ಹಾಸ್ಟೆಲಿಗೆ ರಜೆ ಹಾಕಿ ಹೊರಟಳು. ನಾನು ಗೇಟಿನವರೆಗೆ ಹೋಗಿ ಕೈ ಬೀಸಿದೆ. ಹೌದು, ಕೈ ಬೀಸಿದೆ.

ಮಧ್ಯಾಹ್ನ ಮೂರೂವರೆಗೆ ರಿಕ್ಷಾ ಬಂದು ಗೇಟಿನ ಮುಂದೆ ನಿಂತಿತು. ಎಲ್ಲಿಗೆ ಹೋಗುವುದಿದ್ದರೂ ಸಿಟಿ ಬಸ್ಸಿನಲ್ಲೇ ಹೋಗುವವಳು ಅಂದು ರಿಕ್ಷಾದಲ್ಲಿ ಬಂದಿದ್ದಳು. ಅದನ್ನು ಅಲ್ಲೇ ನಿಲ್ಲಿಸಿ ಒಳಗೆ ಓಡಿ ಬಂದಳು.

"ಟೀಚರ್, ಕಾಗದ ಚಂದ ಉಂಟು ಅಂತ ಹೇಳಿದ್ರು. ಆದ್ರೆ ನಾನು ಎಲ್ಲಿ ಇರೋದು ಅಂತ ಅದರಲ್ಲಿ ಇಲ್ವಂತೆ. ಒಂದು ಸಾಲು ಸೇರಿಸಿದ್ರೆ ಸಾಕಂತೆ. ಐದು ಗಂಟೆವರೆಗೆ ತಗೊಳ್ತಾರೆ. ಪಾಪ, ಅವರು ಒಳ್ಳೆಯವರು, ಬೇಗ ಹೋಗಿ ಬಾ ಅಂದ್ರು."

ಅವಳಿಗೆ ಆಗಲೂ ಸಂಶಯ ಬಂದಿರಲಿಲ್ಲ. ಟೀಚರ್ ಮರೆತಿದ್ದಾರೆ ಎಂದೇ ಅವಳು ತಿಳಿದಿದ್ದಳು. ಕವರಿನಿಂದ ಕಾಗದ ತೆಗೆದು ಮೇಜಿನ ಮೇಲಿಟ್ಟು, ನನ್ನ ಪೆನ್ನನ್ನು ಹುಡುಕಿ ಪಕ್ಕದಲ್ಲಿಟ್ಟಳು.

"ತಮ್ಮನನ್ನು ಕೇಳದೆ ಆಗುವುದಿಲ್ಲ" ಎಂದೆ. "ಮನೆ ಅವನ ಹೆಸರಿನಲ್ಲಿಯೂ ಉಂಟಲ್ಲ. ಈಗ ಅವನಿಗೆ ಡ್ಯೂಟಿಯ ಹೊತ್ತು, ಫೋನ್ ಎತ್ತುವುದಿಲ್ಲ."

ತಮ್ಮನನ್ನು ಕೇಳಿ ವಾರ ಕಳೆದಿತ್ತು. ಶಾಲೆಯಲ್ಲಿ ಸುಳ್ಳು ಹೇಳಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದವಳು ನಾನು. ಆ ಸುಳ್ಳು ಎಷ್ಟು ಸಲೀಸಾಗಿ ಬಂತು ಎಂದರೆ, ನನಗೇ ಅದು ನಿಜ ಎನಿಸಿತು.

ಅವಳು ನನ್ನ ಮುಖ ನೋಡಿದಳು. ತುಂಬ ಹೊತ್ತೇನೂ ಅಲ್ಲ. ಆಮೇಲೆ "ಆಯ್ತು ಟೀಚರ್" ಎಂದು ಕಾಗದವನ್ನು ಮಡಚಿ ಕೈಯಲ್ಲಿ ಹಿಡಿದುಕೊಂಡು ಹೊರಗೆ ಹೋದಳು. ರಿಕ್ಷಾ ತಿರುಗಿ ಹೋದ ಸದ್ದು ಕೇಳಿತು. ನಾನು ಗಡಿಯಾರ ನೋಡಿದೆ. ಐದು ಹೊಡೆಯುವವರೆಗೂ ಅಲ್ಲೇ ಕೂತಿದ್ದೆ. ಇನ್ನೂ ಎದ್ದು ಕರೆಯಬಹುದು, ಇನ್ನೂ ಒಂದು ಗಂಟೆ ಉಂಟು, ಇನ್ನೂ ಅರ್ಧ ಗಂಟೆ ಉಂಟು ಎಂದು ಲೆಕ್ಕ ಹಾಕುತ್ತಾ ಕೂತಿದ್ದೆ. ಏಳಲಿಲ್ಲ.

ಮರುದಿನ ಮಧ್ಯಾಹ್ನ ಎಂದಿನಂತೆ ಬಂದು ಮೀನು ಸರಿ ಮಾಡಿಕೊಟ್ಟಳು. ಒಂದು ಕಟುಮಾತೂ ಆಡಲಿಲ್ಲ. ಬೈದಿದ್ದರೆ ನಾನು ಜಗಳಕ್ಕೆ ನಿಲ್ಲುತ್ತಿದ್ದೆ, ಜಗಳದಲ್ಲಿ ನನಗೂ ಸ್ವಲ್ಪ ನ್ಯಾಯ ಸಿಗುತ್ತಿತ್ತು. ಹುಡುಗಿ ಮಾತ್ರ ಪಾಠಕ್ಕೆ ಬರುವುದು ಕಡಿಮೆ ಮಾಡಿದಳು. ಕೇಳಿದರೆ ಹೋಮ್‌ವರ್ಕ್ ಉಂಟು ಎನ್ನುತ್ತಿದ್ದಳು.

ನನ್ನ ದಡ್ಡತನ ನನಗೆ ಗೊತ್ತಾಗಲು ತಿಂಗಳುಗಳು ಬೇಕಾದವು. ಒಂದು ಭಾನುವಾರ ಚರ್ಚಿನಲ್ಲಿ ಪೂಜೆಯ ನಡುವೆ ಇದ್ದಕ್ಕಿದ್ದಂತೆ ಹೊಳೆಯಿತು. ಆ ಕಾಗದ ಕೊಟ್ಟಿದ್ದರೆ ಅವಳು ನನ್ನ ಮನೆ ಬಿಟ್ಟು ಹೋಗುತ್ತಿದ್ದಳು. ತನ್ನದೇ ಮನೆಗೆ, ಸಂತೋಷದಿಂದ, ತಾನಾಗಿಯೇ. ಎಲ್ಲಿ ಕೂತುಬಿಡುತ್ತಾಳೋ ಎಂದು ಹೆದರಿ ನಾನು ಕೊಡದೆ ಉಳಿಸಿಕೊಂಡ ಕಾಗದ, ಅವಳು ಹೊರಡಲಿಕ್ಕೆ ಇದ್ದ ಒಂದೇ ಕಾಗದವಾಗಿತ್ತು. ಗದ್ದೆಯ ಕಾನೂನು ಬೇರೆ, ಇದು ಬೇರೆ ಎಂದು ಯೋಚಿಸುವಷ್ಟು ಬುದ್ಧಿ ನನ್ನ ತಲೆಯಲ್ಲಿಲ್ಲದೆ ಹೋಯಿತು. ಪಕ್ಕದಲ್ಲಿ ಕೂತಿದ್ದವರು ನನ್ನ ಮುಖ ನೋಡಿ ನೀರು ಬೇಕಾ ಎಂದು ಕೇಳಿದರು.

ಎರಡು ವರ್ಷ ಕಳೆದು ತಮ್ಮ ಗಲ್ಫ್ ಬಿಟ್ಟು ಬಂದ. ನಮ್ಮ ಜಾಗವನ್ನು ಬಿಲ್ಡರಿಗೆ ಕೊಡುವುದೆಂದು ನಿಶ್ಚಯವಾಯಿತು. ನನಗೂ ಒಂದು ಫ್ಲ್ಯಾಟು ಸಿಗುತ್ತದೆ, ಕಟ್ಟಿ ಮುಗಿಯುವವರೆಗೆ ಅಲ್ಲೇ ಹತ್ತಿರದಲ್ಲಿ ಬಾಡಿಗೆ ಮನೆ. ಔಟ್‌ಹೌಸಿಗೆ ಹೋಗಿ ಅವಳಿಗೆ ಹೇಳಿದೆ. ಮೂರು ತಿಂಗಳ ಸಮಯ ಕೊಟ್ಟೆ, ಅದೊಂದು ದೊಡ್ಡ ಉಪಕಾರ ಎಂದುಕೊಂಡೆ. ಅವಳು ಅಕ್ಕಿ ಆರಿಸುತ್ತಿದ್ದಳು, ತಲೆ ಎತ್ತದೆ ಕೇಳಿಸಿಕೊಂಡಳು.

"ಫ್ಲ್ಯಾಟಿಗೆ ಮತ್ತೆ ಅರ್ಜಿ ಕರೀಲೇ ಇಲ್ಲ ಟೀಚರ್" ಎಂದಳು. ಅಷ್ಟೇ ಹೇಳಿದ್ದು.

ಆ ಮೂರು ತಿಂಗಳು ನಾವಿಬ್ಬರೂ ಮನೆ ಹುಡುಕಿದೆವು. ನಾನೂ ಹೋಗುತ್ತಿದ್ದೆ, ಜೊತೆಗೆ ಟೀಚರ್ ಇದ್ದರೆ ಕೆಲಸ ಆಗಬಹುದು ಎಂಬ ಆಸೆ. ಹಂಪನಕಟ್ಟೆಯ ಬ್ರೋಕರನೊಬ್ಬ ಅವಳನ್ನು ಮೇಲಿಂದ ಕೆಳಗೆ ನೋಡಿ, ಆ ಬಾಡಿಗೆಗೆ ಈಗ ಪೇಟೆಯಲ್ಲಿ ಬೈಕ್ ನಿಲ್ಲಿಸಲಿಕ್ಕೂ ಜಾಗ ಸಿಗುವುದಿಲ್ಲ ಎಂದ. ಬಿಜೈಯ ಒಳದಾರಿಗಳಲ್ಲಿ ಹಿಂದೆ ಬಾಡಿಗೆಗಿದ್ದ ಚಿಕ್ಕ ಕೋಣೆಗಳೆಲ್ಲ ಈಗ ಕಾಲೇಜು ಮಕ್ಕಳ ಪಿಜಿ. ಒಂದೊಂದರಲ್ಲಿ ನಾಲ್ಕು ಮಂಚ. ವಾಮಂಜೂರಿನಲ್ಲಿ ಒಂದು ಕೋಣೆ ಖಾಲಿ ಇದೆ ಎಂದು ಕೇಳಿ ಅಲ್ಲಿಗೂ ಹೋದೆವು. ಒಬ್ಬ ಅಜ್ಜಿ, ನಮ್ಮವರೇ, ಕೊಂಕಣಿಯವರು. ನನ್ನನ್ನು ಒಳಗೆ ಕರೆದು ಕೂರಿಸಿ ಚಾ ಕೊಟ್ಟರು. ಅವಳು ಜಗಲಿಯಲ್ಲೇ ನಿಂತಿದ್ದಳು.

"ಹೆಂಗಸು ಒಳ್ಳೆಯವಳ ಹಾಗೆ ಕಾಣ್ತಾಳೆ" ಎಂದು ಅಜ್ಜಿ ನನಗೆ ಮೆಲ್ಲನೆ ಕೊಂಕಣಿಯಲ್ಲಿ ಹೇಳಿದರು. "ಆದ್ರೆ ನಾಳೆ ಅಡ್ರೆಸ್ಸಿಗೆ, ಕಾರ್ಡಿಗೆ ಅಂತ ಕಾಗದ ಕೇಳಿದ್ರೆ ನಾನು ಕೊಡೋದಿಲ್ಲ. ನಿನಗೆ ಗೊತ್ತುಂಟಲ್ಲ, ನಮ್ಮವರ ಗದ್ದೆ ಹೋದದ್ದು ಹಾಗೆ."

ಚಾದ ಲೋಟವನ್ನು ಕೆಳಗಿಟ್ಟೆ. ಅಜ್ಜಿಗೆ ಎರಡು ಮಾತು ಹೇಳಬೇಕೆಂದುಕೊಂಡೆ. ಯಾವ ಬಾಯಿಯಿಂದ ಹೇಳುವುದು? ಕೊನೆಗೆ ಆ ಕೋಣೆಯೂ ಸಿಗಲಿಲ್ಲ. ಅಜ್ಜಿಯ ಮಗ ಫೋನಿನಲ್ಲಿ ಬೇಡ ಎಂದನಂತೆ.

ಮೂರು ತಿಂಗಳು ಮುಗಿಯಿತು. ಹಾಸ್ಟೆಲಿನ ಅಡುಗೆಮನೆಯ ಹಿಂದೆ ದಿನಸಿ ಇಡುವ ಕೋಣೆಯಲ್ಲಿ ಮಲಗಿಕೊಳ್ಳಬಹುದು ಎಂದು ವಾರ್ಡನ್ ಅವಳಿಗೆ ಹೇಳಿದರು. ಕೆಲಸದವಳಿಗೆ ಮಾತ್ರ; ಮಗಳನ್ನು ಇಟ್ಟುಕೊಳ್ಳುವ ಹಾಗಿಲ್ಲ. ಒಂಬತ್ತನೆಯ ತರಗತಿಯ ಹುಡುಗಿ ಪುತ್ತೂರು ಕಡೆಯ ಒಂದು ಸರಕಾರಿ ಹಾಸ್ಟೆಲಿಗೆ ಸೇರಿದಳು. ಸಾಮಾನು ಗೂಡ್ಸ್ ರಿಕ್ಷಾಕ್ಕೆ ಹೇರಿದಾಗ ಅದು ಅರ್ಧವೂ ತುಂಬಲಿಲ್ಲ. ಹೊರಡುವ ಮೊದಲು ಅವಳು ಔಟ್‌ಹೌಸಿನ ನೆಲ ಒರೆಸಿದಳು. ಬುಲ್ಡೋಜರು ಬರುವ ಮನೆ ಮಾರಾಯ್ತಿ, ಬಿಡು ಎಂದರೂ ಕೇಳಲಿಲ್ಲ. ತಾಯಿ ಮಗಳು ಒಂದೇ ಸೂರಿನಡಿ ಮಲಗಿದ್ದು ಅದರ ಹಿಂದಿನ ರಾತ್ರಿಯೇ ಕೊನೆ.

ಆಮೇಲೆ ಒಂದು ವರ್ಷ ನಾನು ಅವಳನ್ನು ನೋಡಲಿಲ್ಲ. ಹಾಸ್ಟೆಲು ದೂರವೇನೂ ಅಲ್ಲ. ಹೋಗಬಹುದಿತ್ತು. ನಾಚಿಕೆ ನನ್ನನ್ನು ಬಿಡಲಿಲ್ಲ, ನಾನೂ ಅದನ್ನು ಬಿಡಿಸಿಕೊಳ್ಳಲಿಲ್ಲ.

ಕಳೆದ ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರ ಉಡುಪಿಯಲ್ಲೊಂದು ನಾಮಕರಣಕ್ಕೆ ಹೋಗಲೆಂದು ಬಿಜೈಯ ಸರಕಾರಿ ಬಸ್ ನಿಲ್ದಾಣಕ್ಕೆ ಹೋಗಿದ್ದೆ. ಹಿಂದಿನ ಸಾಲಿನ ಬೆಂಚಿನಲ್ಲಿ ಅವರಿಬ್ಬರೂ ಕೂತಿದ್ದರು. ಹುಡುಗಿ ಅಮ್ಮನಷ್ಟೇ ಎತ್ತರವಾಗಿದ್ದಳು. ಬೆಂಚಿನ ಮೇಲೆ ಪೇಪರು ಹಾಸಿ ಸ್ಟೀಲಿನ ಬುತ್ತಿ ಬಿಚ್ಚಿದ್ದರು, ಪಕ್ಕದಲ್ಲಿ ಪುಸ್ತಕ, ಒಗೆದು ಮಡಚಿದ ಬಟ್ಟೆಯ ಚೀಲ. ನಾನು ತಪ್ಪಿಸಿಕೊಳ್ಳಬೇಕೆನ್ನುವಷ್ಟರಲ್ಲಿ ಅವಳೇ ಕಂಡಳು.

"ಬನ್ನಿ ಟೀಚರ್, ಕೂತ್ಕೊಳ್ಳಿ" ಎಂದು ಚೀಲ ಎತ್ತಿ ಜಾಗ ಮಾಡಿದಳು. ಮನೆಗೆ ಬಂದವರನ್ನು ಕೂರಿಸುವ ಹಾಗೆಯೇ ಕೂರಿಸಿದಳು. ಬುತ್ತಿಯ ಮುಚ್ಚಳದಲ್ಲಿ ಸ್ವಲ್ಪ ಅನ್ನ, ಮೀನು ಗಸಿ ಬಡಿಸಿ ಕೊಟ್ಟಳು.

"ಎಲ್ಲಿಗೆ ಹೊರಟದ್ದು?" ಎಂದೆ.

"ಎಲ್ಲಿಗೂ ಇಲ್ಲ. ಭಾನುವಾರ ಇವಳು ಬೆಳಿಗ್ಗಿನ ಬಸ್ಸಿಗೆ ಬರ್ತಾಳೆ, ಸಂಜೆ ಬಸ್ಸಿಗೆ ಹೋಗ್ತಾಳೆ. ನನ್ನ ಕೋಣೆಗೆ ಕರ್ಕೊಂಡು ಹೋಗ್ಲಿಕ್ಕಿಲ್ಲ. ಅವಳ ಹಾಸ್ಟೆಲಿಗೆ ನನ್ನನ್ನು ಬಿಡುವುದಿಲ್ಲ. ಇಲ್ಲಿ ಫ್ಯಾನ್ ಉಂಟು, ಟಾಯ್ಲೆಟ್ ಉಂಟು. ಬಸ್ಸಿಗೆ ಕಾಯ್ತಾರೆ ಅಂತ ಎಣಿಸ್ತಾರೆ, ಯಾರೂ ಕೇಳುವುದಿಲ್ಲ."

ಕೈಯಲ್ಲಿದ್ದ ಮುಚ್ಚಳವನ್ನು ಬೆಂಚಿನ ಮೇಲಿಟ್ಟೆ. ಫ್ಲ್ಯಾಟಿಗೆ ಮತ್ತೆ ಅರ್ಜಿ ಕರೆಯುತ್ತಾರೆ ಎಂದು ಪೇಪರಿನಲ್ಲಿ ಓದಿದ್ದೇನೆ ಎಂದೆ. ಈ ಸಲ ನಾನು ಸರಿಯಾಗಿ ಬರೆದುಕೊಡುತ್ತೇನೆ, ಎಲ್ಲವನ್ನೂ ಬರೆದುಕೊಡುತ್ತೇನೆ, ನಾನೇ ಬಂದು ಆಫೀಸಿನಲ್ಲಿ ಹೇಳುತ್ತೇನೆ ಎಂದೆ.

"ಯಾವ ಮನೆ ನಂಬರ್ ಹಾಕ್ತೀರಿ ಟೀಚರ್?" ಎಂದು ಅವಳು ಕೇಳಿದಳು. ಚುಚ್ಚಲಿಕ್ಕೆ ಕೇಳಿದ್ದಲ್ಲ, ನಿಜವಾಗಿಯೂ ಕೇಳಿದಳು. "ಅವರು ಬಂದು ನೋಡ್ತಾರಂತೆ. ಆ ಮನೆ ಈಗ ಇಲ್ವಲ್ಲ."

"ತಪ್ಪು ಮಾಡಿದೆ" ಎಂದೆ. "ಆ ದಿನ ನಾನು ಸುಳ್ಳು ಹೇಳಿದ್ದು."

"ಗೊತ್ತಿತ್ತು ಟೀಚರ್."

ಹುಡುಗಿ ಪುಸ್ತಕದಿಂದ ತಲೆ ಎತ್ತಲಿಲ್ಲ. ಇನ್ನು ಮೇಲೆ ಭಾನುವಾರ ಇಬ್ಬರೂ ನನ್ನ ಬಾಡಿಗೆ ಮನೆಗೆ ಬನ್ನಿ, ಬೆಳಿಗ್ಗೆಯಿಂದ ಸಂಜೆಯವರೆಗೆ ಇರಿ, ನಾನು ಒಬ್ಬಳೇ ಇರುವುದು ಎಂದೆ. ಬೇಡಿಕೊಂಡೆ ಎಂದೇ ಹೇಳಬೇಕು. ಅವಳು ಬುತ್ತಿಯ ಡಬ್ಬಿಗಳನ್ನು ಒಂದರ ಮೇಲೊಂದು ಇಟ್ಟು ಕೊಂಡಿ ಹಾಕಿದಳು.

"ಬರ್ಬಹುದಿತ್ತು. ಆದ್ರೆ ಸಂಜೆ ಅಲ್ಲಿಂದಲೂ ಎದ್ದು ಬರ್ಬೇಕಲ್ಲ ಟೀಚರ್. ನಿಮ್ಮ ಮನೆಯಿಂದ ಒಮ್ಮೆ ಎದ್ದು ಬಂದು ಆಯ್ತಲ್ಲ, ಸಾಕು. ಇಲ್ಲಿಂದ ಆದ್ರೆ ಎಲ್ಲರೂ ಏಳ್ತಾರೆ."

ಉಡುಪಿಯ ಬಸ್ಸು ಬಂತು ಎಂದು ಹುಡುಗಿಯೇ ತೋರಿಸಿದಳು. ನಾನು ಎದ್ದೆ. ಬಸ್ಸಿನ ಕಿಟಕಿಯಿಂದ ನೋಡಿದಾಗ ಅವಳು ಮಗಳನ್ನು ಬೆಂಚಿನ ಮುಂದೆ ನೆಲದ ಮೇಲೆ ಕೂರಿಸಿಕೊಂಡು, ಜನ ಹೋಗುತ್ತಾ ಬರುತ್ತಾ ಇದ್ದಂತೆಯೇ, ಅವಳ ಜಡೆ ಬಿಚ್ಚಿ ಎಣ್ಣೆ ಹಚ್ಚುತ್ತಿದ್ದಳು.